ಬಾಯಿ ಬಿಡದ ಬ್ಯಾಸಿಲಸ್

ಎಂ.ಎಸ್ಸಿ. ಎರಡನೇ ಸೆಮಿಸ್ಟರ್‌ನಲ್ಲಿ ನನಗೆ ಸಿಕ್ಕಿದ್ದು ಲ್ಯಾಬಿನಲ್ಲಿ ಬೆಳೆಸಿದ ಎರಡು ಕಲ್ಚರ್: ಇ. ಕೋಲೈ ಮತ್ತು ಬ್ಯಾಸಿಲಸ್ ಸಬ್ಟಿಲಿಸ್. ಎರಡರಿಂದಲೂ ಡಿಎನ್‌ಎ ತೆಗೆಯಬೇಕಿತ್ತು. ಎರಡೂ ಬ್ಯಾಕ್ಟೀರಿಯಾನೇ ಅಲ್ವಾ ಅಂತ ಒಂದೇ ವಿಧಾನದಲ್ಲಿ ಶುರು ಮಾಡಿದೆ.

ಇ. ಕೋಲೈ ಗೋಳಾಡಿಸಲಿಲ್ಲ. ರಾತ್ರಿಯಿಡೀ ಬೆಳೆದ 1.5 ಎಂಎಲ್ ಕಲ್ಚರನ್ನು ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕೂತ ಜೀವಕೋಶಗಳ ಮುದ್ದೆಯನ್ನು, ಅಂದರೆ ಪೆಲೆಟ್ಟನ್ನು, ಟಿಇ ಬಫರ್‌ನಲ್ಲಿ ಕದಡಿದೆ. ಎಸ್‌ಡಿಎಸ್, ಪ್ರೋಟೀನ್ ಕತ್ತರಿಸುವ ಪ್ರೋಟಿನೇಸ್ ಕೆ ಹಾಕಿ ವಾಟರ್ ಬಾತ್‌ನಲ್ಲಿಟ್ಟೆ. ಎಸ್‌ಡಿಎಸ್ ಒಂದು ಬಗೆಯ ಸೋಪು, ಜೀವಕೋಶದ ಜಿಡ್ಡಿನ ಪೊರೆಯನ್ನು ಕರಗಿಸುತ್ತದೆ. ಬೆಳ್ಳಗಿದ್ದ ನೀರು ತಿಳಿಯಾಗಿ, ಲೋಳೆಸರದ ರಸದ ಹಾಗೆ ಅಂಟಂಟಾಯಿತು. ಆ ಲೋಳೆಯೇ ಡಿಎನ್‌ಎ ಹೊರಬಂದ ಗುರುತು.

ಬ್ಯಾಸಿಲಸ್ ಟ್ಯೂಬು ಮಾತ್ರ ಒಂದು ಗಂಟೆಯಾದರೂ ಮಜ್ಜಿಗೆ ಥರಾನೇ ಇತ್ತು. ಡಿಎನ್‌ಎಯನ್ನು ಕರೆಂಟಿನಿಂದ ಓಡಿಸಿ ನೋಡುವ ಜೆಲ್‌ನಲ್ಲಿ ಆ ಲೇನ್, ಅಂದರೆ ಆ ಸ್ಯಾಂಪಲ್ಲಿನ ಸಾಲು, ಖಾಲಿ.

"ಗೋಡೆ ಒಡೀದೆ ಒಳಗೆ ಹೋಗಕ್ಕಾಗುತ್ತೇನಮ್ಮ?" ಅಂದರು ಮೇಡಂ. ಡಿಗ್ರಿಯಿಂದಲೂ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಗುಂಪು ಗುರುತಿಸುವ ಗ್ರಾಂ ಸ್ಟೇನ್ ಮಾಡಿ ಮಾಡಿ ಬೆರಳೆಲ್ಲ ನೇರಳೆ ಮಾಡಿಕೊಂಡವಳು ನಾನು. ನೇರಳೆ ಅಂದರೆ ಗ್ರಾಂ ಪಾಸಿಟಿವ್, ಅಂದರೆ ಪೆಪ್ಟಿಡೋಗ್ಲೈಕಾನ್‌ನ ದಪ್ಪ ಗೋಡೆ. ಬ್ಯಾಸಿಲಸ್ ಆ ಗುಂಪಿನದೇ. ಪರೀಕ್ಷೆಯಲ್ಲಿ ಬರೆದಿದ್ದೆ, ಟ್ಯೂಬಿನ ಮುಂದೆ ನೆನಪಾಗಲಿಲ್ಲ. ಆ ಗೋಡೆ ಕತ್ತರಿಸಲು ಲೈಸೋಜೈಮ್ ಬೇಕು. ನಮ್ಮ ಕಣ್ಣೀರಿನಲ್ಲೂ ಮೊಟ್ಟೆಯ ಬಿಳಿಯಲ್ಲೂ ಇರುವ ಕಿಣ್ವ ಅದು.

ಎರಡನೇ ಸಲ ಸಮಯ ಉಳಿಸೋಣ ಅಂತ ಲೈಸೋಜೈಮ್, ಎಸ್‌ಡಿಎಸ್ ಎರಡನ್ನೂ ಒಟ್ಟಿಗೆ ಸುರಿದೆ. ಶುದ್ಧ ದಡ್ಡತನ. ಎಸ್‌ಡಿಎಸ್ ಪ್ರೋಟೀನನ್ನು ಹಾಳು ಮಾಡುತ್ತದೆ, ಲೈಸೋಜೈಮ್ ಕೂಡ ಪ್ರೋಟೀನೇ. ಅದೂ ಅಲ್ಲದೆ ನನ್ನ ಕಲ್ಚರ್ ಶುಕ್ರವಾರದ್ದು, ಕೆಲಸ ಮಾಡಿದ್ದು ಸೋಮವಾರ. ಅಷ್ಟರಲ್ಲಿ ಬ್ಯಾಸಿಲಸ್ ಸ್ಪೋರ್, ಅಂದರೆ ಗಟ್ಟಿ ಕವಚದ ನಿದ್ರಾರೂಪ, ಕಟ್ಟಿಕೊಂಡು ಕೂತಿರುತ್ತದೆ. ಸ್ಪೋರ್ ಲೈಸೋಜೈಮಿಗೆ ಜಗ್ಗುವುದಿಲ್ಲ.

ಮೂರನೇ ಸಲ ಹಿಂದಿನ ಸಂಜೆಯಷ್ಟೇ ಹಾಕಿದ ತಾಜಾ ಕಲ್ಚರ್. ಮೊದಲು ಬರೀ ಲೈಸೋಜೈಮ್, 37 ಡಿಗ್ರಿಯಲ್ಲಿ ಒಂದು ಗಂಟೆ. ಆಮೇಲೆ ಎಸ್‌ಡಿಎಸ್. ಈ ಸಲ ಲೋಳೆಯಾಯಿತು!

ಅಲ್ಲಿಂದ ಮುಂದೆ ಎರಡಕ್ಕೂ ಒಂದೇ ದಾರಿ. ಫ್ಯೂಮ್ ಹುಡ್‌ನಲ್ಲಿ ಪ್ರೋಟೀನ್ ಬೇರ್ಪಡಿಸಲು ಫೀನಾಲ್-ಕ್ಲೋರೋಫಾರ್ಮ್ ಹಾಕಿ ತಿರುಗಿಸಿ, ಡಿಎನ್‌ಎ ಇರುವ ಮೇಲಿನ ಪದರ ಮಾತ್ರ ತೆಗೆದೆ. ಮಧ್ಯದ ಬಿಳಿ ಪ್ರೋಟೀನಿಗೆ ತಾಗಬಾರದು, ಆಸೆ ಬಿದ್ದು ಪೂರ್ತಿ ಎಳೆದರೆ ಕೆಟ್ಟಿತು. ಪಿಪೆಟ್ ಟಿಪ್ಪಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿ ಅಗಲ ಮಾಡಿಕೊಂಡಿದ್ದೆ, ಇಲ್ಲದಿದ್ದರೆ ಉದ್ದನೆಯ ಡಿಎನ್‌ಎ ತುಂಡಾಗುತ್ತದೆ. ಸೋಡಿಯಂ ಅಸಿಟೇಟ್ ಹಾಕಿ ಐಸೋಪ್ರೊಪನಾಲ್ ಬೆರೆಸಿದಾಗ ಡಿಎನ್‌ಎಯ ಬಿಳಿ ಎಳೆಗಳು ಸುತ್ತಿಕೊಂಡು ಬಂದವು. ಅದನ್ನು ನೋಡುತ್ತಾ ನಿಂತಿದ್ದೇ ಜಾಸ್ತಿ.

70% ಎಥನಾಲ್‌ನಲ್ಲಿ ತೊಳೆದ ಮೇಲೆ ಸರಿಯಾಗಿ ಒಣಗಿಸಲಿಲ್ಲ. ಜೆಲ್‌ಗೆ ಹಾಕಿದ್ದು ವೆಲ್‌ನಲ್ಲಿ, ಅಂದರೆ ಜೆಲ್‌ನ ಗುಳಿಯಲ್ಲಿ, ಕೂರದೆ ತೇಲಿಕೊಂಡು ಹೋಯಿತು. ಪುಣ್ಯಕ್ಕೆ ಅರ್ಧ ಉಳಿಸಿದ್ದೆ. ಒಣಗಿಸಿ ಮತ್ತೆ ಹಾಕಿದೆ. ಯುವಿ ಬೆಳಕಲ್ಲಿ ವೆಲ್‌ನ ಹತ್ತಿರವೇ ದಪ್ಪನೆಯ ಬ್ಯಾಂಡ್ ಕಾಣಿಸಿತು. ಕೆಳಗಡೆ ಮಬ್ಬಾಗಿ ಆರ್‌ಎನ್‌ಎ ಕೂಡ. ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಹಾಕುವುದನ್ನೇ ಮರೆತಿದ್ದೆ.