ಇಂಗ್ಲೆಂಡಿನ ಹಿತ್ತಿಲ ಕೊಳದಲ್ಲಿ ಯಾವ ಗಿಡ ಇಡುವಂತಿಲ್ಲ?

ಬೆಳ್ಳಂದೂರು, ವರ್ತೂರು ಕೆರೆಗಳ ಮೇಲೆ ಹರಡಿಕೊಳ್ಳುವ ನೇರಳೆ ಹೂವಿನ ವಾಟರ್ ಹಯಸಿಂತ್ ಅನ್ನು ಇಂಗ್ಲೆಂಡ್, ವೇಲ್ಸ್‌ನಲ್ಲಿ ಬೇಕೆಂದೇ ಇಟ್ಟುಕೊಂಡರೆ ಅಪರಾಧ. ಮಾರಬೇಕೆಂದೇನಿಲ್ಲ, ಮನೆಯ ಕೊಳದಲ್ಲಿ ಬೆಳೆಸಿದರೂ ಸಾಕು. ಬಹಳ ಜನ ಎಡವುವುದು ಇಲ್ಲೇ. ‘ಇಲ್ಲಿನ ಹಿಮಕ್ಕೆ ಹೇಗೂ ಸತ್ತುಹೋಗುತ್ತದಲ್ಲ’ ಎನ್ನುವ ವಾದಕ್ಕೂ ಬೆಲೆಯಿಲ್ಲ. ಏಕೆಂದರೆ ಹೊರಗಿನಿಂದ ಬಂದು ಬೇಕಾಬಿಟ್ಟಿ ಹಬ್ಬುವ ಗಿಡಗಳ ಈ ನಿಷೇಧ ಪಟ್ಟಿ ಮೂಲತಃ ಇಡೀ ಯುರೋಪಿಯನ್ ಒಕ್ಕೂಟಕ್ಕೆಂದು ಆದದ್ದು. ಸ್ಪೇನಿನ ಗ್ವಾಡಿಯಾನಾ ನದಿಯಲ್ಲಿ ಇದೇ ಗಿಡ 2004ರಿಂದ ಕಾಡುತ್ತಿದೆ.

ನಿಯಮ ಎರಡು ಹಂತದಲ್ಲಿ ಬಂತು. 2014ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಫ್ಲೋಟಿಂಗ್ ಪೆನ್ನಿವರ್ಟ್, ಪ್ಯಾರಟ್ಸ್ ಫೆದರ್, ವಾಟರ್ ಪ್ರಿಮ್‌ರೋಸ್, ವಾಟರ್ ಫರ್ನ್, ನ್ಯೂಜಿಲೆಂಡ್ ಪಿಗ್ಮಿವೀಡ್ ಈ ಐದರ ಮಾರಾಟ ನಿಂತಿತು. 2019ರ ಡಿಸೆಂಬರ್ 1ರಂದು ಜಾರಿಗೆ ಬಂದ ಆದೇಶ ಇನ್ನೂ ಬಿಗಿ. ಮೇಲಿನ ಮೊದಲ ಮೂರರ ಜೊತೆಗೆ ವಾಟರ್ ಹಯಸಿಂತ್, ಕಬೊಂಬಾ ಕರೋಲಿನಿಯಾನಾ, ನಟಾಲ್ಸ್ ವಾಟರ್‌ವೀಡ್, ಕರ್ಲಿ ವಾಟರ್‌ವೀಡ್, ಸಾಲ್ವೀನಿಯಾ ಮೊಲೆಸ್ಟಾ ಇವನ್ನು ಇಡುವುದು, ಬೆಳೆಸುವುದು, ಸಾಗಿಸುವುದು, ಕೈ ಬದಲಿಸುವುದು ಎಲ್ಲವೂ ಅದರಡಿ ಬರುತ್ತವೆ. ಪಕ್ಕದ ಮನೆಯವರಿಗೆ ಒಂದು ಹಿಡಿ ಕೊಟ್ಟರೂ ಸೇರಿತು. ಗರಿಷ್ಠ ಶಿಕ್ಷೆ ಎರಡು ವರ್ಷ ಜೈಲು. ಸ್ಕಾಟ್ಲೆಂಡಿನ ಕಾನೂನು ಬೇರೆ.

ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್‌ನಲ್ಲಿರುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಕೋಸಿನ ಗಡ್ಡೆ ಬಿಚ್ಚಿಟ್ಟಂತೆ ತೇಲುವ ಪಿಸ್ಟಿಯಾ 2024ರ ಆಗಸ್ಟ್‌ನಿಂದ ಒಕ್ಕೂಟದಲ್ಲಿ ನಿಷಿದ್ಧ. ನಮ್ಮಲ್ಲಿ ಪಿಸ್ಟಿಯಾ, ಹಯಸಿಂತ್ ಎರಡನ್ನೂ ಅಂತರಗಂಗೆ ಅಂದುಬಿಡುತ್ತೇವೆ. ಎಲೆಯ ತೊಟ್ಟು ಬಲೂನಿನಂತೆ ಊದಿದ್ದರೆ ಅದು ಹಯಸಿಂತ್.

ಕೊಳ್ಳುವಾಗ ಚೀಟಿಯಲ್ಲಿ ಲ್ಯಾಟಿನ್ ಹೆಸರು ಓದಿ, ಹಳೆಯ ಹೆಸರನ್ನೂ ಗುರುತಿಡಿ. ಕರ್ಲಿ ವಾಟರ್‌ವೀಡ್ ‘ಎಲೋಡಿಯಾ ಕ್ರಿಸ್ಪಾ’ ಎಂದೂ, ಪ್ಯಾರಟ್ಸ್ ಫೆದರ್ ‘ಮಿರಿಯೋಫಿಲಂ ಬ್ರೆಸಿಲಿಯೆನ್ಸೆ’ ಎಂದೂ ಬರುತ್ತವೆ. ಲ್ಯಾಟಿನ್ ಹೆಸರೇ ಇಲ್ಲದ, ‘ಆಮ್ಲಜನಕ ಕೊಡುವ ಗಿಡ’ ಎಂದಷ್ಟೇ ಬರೆದ ಕಟ್ಟು ಬೇಡವೇ ಬೇಡ. ಒಳ್ಳೆಯ ಗಿಡದ ಕುಂಡದಲ್ಲೂ ಪಿಗ್ಮಿವೀಡ್ ಬರುತ್ತದೆ: ಎದುರುಬದುರು ಜೋಡಿಯಾದ ಸಣ್ಣ, ದಪ್ಪ ಎಲೆ, ಜೋಡಿಯ ಬುಡ ಕೂಡಿಕೊಂಡು ಕಾಂಡಕ್ಕೆ ಕಾಲರ್ ಕಟ್ಟಿದಂತೆ. ಗಿಣ್ಣಿರುವ 5 ಮಿಲಿಮೀಟರ್ ಚೂರು ಸಾಕು, ಹೊಸ ಗಿಡ. ಹೊಸ ಕುಂಡವನ್ನು ಕೊಳಕ್ಕಿಳಿಸುವ ಮುಂಚೆ ಕೆಲವು ವಾರ ಬಕೆಟ್‌ನಲ್ಲಿ ಬೇರೆಯಾಗಿಟ್ಟು ನೋಡಿ.

ಮನೆ ಕೊಂಡಾಗ ಕೊಳದಲ್ಲೇ ಇಂಥ ಗಿಡ ಸಿಕ್ಕರೆ ಶರತ್ಕಾಲದಲ್ಲಿ, ಕಪ್ಪೆಗಳ ಮೊಟ್ಟೆಯ ಕಾಲ ಕಳೆದ ಮೇಲೆ ತೆಗೆಯಿರಿ. ಮೊದಲು ಪಂಪು, ಕಾರಂಜಿ ನಿಲ್ಲಿಸಿ. ನೀರು ಹೊರಹೋಗುವ ಕಡೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಕುಂಟೆಯಿಂದ ಎಳೆದರೆ ಕಾಂಡ ತುಂಡಾಗಿ ಹರಡುತ್ತದೆ, ಆದ್ದರಿಂದ ಕೈಯಿಂದ ಬುಡಸಮೇತ ಮೇಲೆತ್ತಿ, ಉಳಿದ ಚೂರುಗಳನ್ನು ಜಾಲರಿಯಲ್ಲಿ ಬಾಚಿ. ತೆಗೆದದ್ದನ್ನು ದಡದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿದರೆ ಹುಳುಹುಪ್ಪಟೆ ನೀರಿಗೆ ಹಿಂದಿರುಗುತ್ತವೆ. ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ, ಮಳೆಗೆ ಚೂರು ಮತ್ತೆ ನೀರಿಗೆ ಜಾರುತ್ತದೆ. ಆಮೇಲೆ ನೀರಿನಿಂದ ದೂರದ ಗೊಬ್ಬರದ ಗುಂಡಿಗೆ ಹಾಕಿ. ರಾಶಿ ದೊಡ್ಡದಿದ್ದರೆ ಸಾಗಿಸುವ ಮುಂಚೆ ಸ್ಥಳೀಯ ಕೌನ್ಸಿಲ್ ಅನ್ನು ಕೇಳಿ. ಜಾಲರಿ, ಬೂಟು ತೊಳೆದ ನೀರು ಹುಲ್ಲಿನ ಮೇಲೆ ಹೋಗಲಿ, ಚರಂಡಿಗಲ್ಲ. ನೀರಿನ ಹತ್ತಿರ ಕಳೆನಾಶಕ ಸಿಂಪಡಿಸಲು ಸರ್ಕಾರದ ಪರಿಸರ ಸಂಸ್ಥೆಯ (ಇಂಗ್ಲೆಂಡಿನಲ್ಲಿ ಎನ್ವಿರಾನ್ಮೆಂಟ್ ಏಜೆನ್ಸಿ) ಒಪ್ಪಿಗೆ ಬೇಕು.

ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಮುಂದಿನ ಬೇಸಗೆಯಲ್ಲಿ ವಾರಕ್ಕೊಮ್ಮೆ ಅಂಚು ನೋಡುತ್ತಿರಬೇಕು. ಪೆನ್ನಿವರ್ಟ್ ಅನುಕೂಲವಿದ್ದರೆ ದಿನಕ್ಕೆ 20 ಸೆಂಟಿಮೀಟರ್ ಹಬ್ಬುತ್ತದೆ.

ಖಾಲಿಯಾದ ಜಾಗಕ್ಕೆ ಅಲ್ಲಿನದೇ ಗಿಡಗಳಿವೆ: ನೀರೊಳಗೆ ಹಾರ್ನ್‌ವರ್ಟ್, ಮೇಲೆ ತೇಲಲು ಫ್ರಾಗ್‌ಬಿಟ್, ಅಂಚಿಗೆ ಹಳದಿ ಹೂವಿನ ಮಾರ್ಷ್ ಮ್ಯಾರಿಗೋಲ್ಡ್.