ಗಾಜಿನ ತಳದ ದೋಣಿ: ಟಿಕೆಟ್ ಪಡೆಯುವ ಮುನ್ನ

ಸಾಣಾಪುರದಲ್ಲಿ ಹರಿಗೋಲು ಹತ್ತುವವರು ಸುತ್ತಲ ಬಂಡೆಗಳನ್ನು ನೋಡುತ್ತಾರೆ. ಗಾಜಿನ ತಳದ ದೋಣಿಯಲ್ಲಾದರೋ ನೋಡಬೇಕಾದ ಸಮುದ್ರದ ಹವಳ, ಮೀನುಗಳೆಲ್ಲ ಕಾಲ ಕೆಳಗಿರುತ್ತವೆ. ಆದ್ದರಿಂದ ಕೊಪ್ಪಳ, ಬಳ್ಳಾರಿ ಕಡೆಯಿಂದ ಅಂಡಮಾನಿಗೆ ಹೊರಡುವವರು ದೋಣಿಯ ಅಂದಕ್ಕಿಂತ ಮೊದಲು ನೀರಿನ ತಿಳಿಯನ್ನೂ ಬೆಳಕನ್ನೂ ವಿಚಾರಿಸಬೇಕು.

ನೈಋತ್ಯ ಮುಂಗಾರು ಮೇ ತಿಂಗಳಲ್ಲೇ ಅಲ್ಲಿಗೆ ತಲುಪುವುದರಿಂದ, ಮಕ್ಕಳ ಬೇಸಿಗೆ ರಜೆಯನ್ನು ನೆಚ್ಚಿಕೊಂಡವರು ಏಪ್ರಿಲ್‌ನಲ್ಲೇ ಹೋಗಿ ಬರುವುದು ಲೇಸು. ವಂಡೂರಿನಿಂದ ಹೋಗುವ ಜಾಲಿ ಬಾಯ್ ದ್ವೀಪವು ಮಳೆಗಾಲದಲ್ಲಿ ಮುಚ್ಚಿರುತ್ತದೆ. ಅದು ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು, ಬಿಸಾಡುವ ಪ್ಲಾಸ್ಟಿಕ್ ಒಯ್ಯುವಂತಿಲ್ಲ.

ಸೂರ್ಯ ನೆತ್ತಿಯ ಸಮೀಪವಿದ್ದಾಗ ಬೆಳಕು ನೇರವಾಗಿ ನೀರಿಗಿಳಿಯುತ್ತದೆ. ಸಂಜೆಯ ಓರೆ ಬಿಸಿಲಿನ ಒಂದು ಪಾಲು ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಆಳವೂ ಮುಖ್ಯ. ನೀರು ಕೆಂಪು ಬಣ್ಣವನ್ನು ಮೊದಲು ಹೀರಿಕೊಳ್ಳುವುದರಿಂದ, ಆಳ ಹೆಚ್ಚಿದಂತೆ ಹವಳವೆಲ್ಲ ನೀಲಿ-ಹಸಿರಾಗಿ ಕಾಣುತ್ತದೆ. ಅಲ್ಲದೆ ಬೆಳಕಿನ ವಕ್ರೀಭವನದಿಂದ, ಅಂದರೆ ನೀರಿನಿಂದ ಹೊರಬರುವಾಗ ಅದು ಬಾಗುವುದರಿಂದ, 12 ಅಡಿ ಆಳದಲ್ಲಿರುವುದು ಸುಮಾರು 9 ಅಡಿಯಲ್ಲಿದ್ದಂತೆ ತೋರುತ್ತದೆ; 'ನಮ್ಮ ಗಾಜು ಎಲ್ಲವನ್ನೂ ಹತ್ತಿರ ತೋರಿಸುತ್ತದೆ' ಎಂಬ ದೋಣಿಯವರ ಮಾತಿಗೆ ಹೆಚ್ಚು ಹಣ ತೆರುವ ಮೊದಲು ಇದನ್ನು ನೆನೆಯಿರಿ.

ಹಣ ಕೊಡುವ ಮುನ್ನ ದೋಣಿಯೊಳಗೆ ಇಣುಕಿ ಗಾಜನ್ನೇ ನೋಡಿ. ಮರಳು ಉಜ್ಜಿ ಬಿದ್ದ ಗೀರುಗಳು, ಹೊರಮೈಗೆ ಕಟ್ಟಿದ ಪಾಚಿ, ಅಂಚಿನಲ್ಲಿ ಜಿನುಗುವ ನೀರು ಇವುಗಳಲ್ಲಿ ಯಾವುದಿದ್ದರೂ ಬೇರೆ ದೋಣಿ ಹುಡುಕುವುದೇ ಸರಿ. ಗಾಜಿನ ಸುತ್ತ ಎಷ್ಟು ಜನರನ್ನು ಕೂರಿಸುತ್ತಾರೆ, ಮೇಲೆ ನೆರಳಿದೆಯೇ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಉಂಟೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಒಟ್ಟು ಅವಧಿಯಲ್ಲಿ ಹವಳದ ಮೇಲೆ ನಿಲ್ಲುವುದು ಎಷ್ಟು ನಿಮಿಷ ಎಂಬುದನ್ನು ಬಾಯಿಬಿಡಿಸಿ. ಹೋಗಿ ಬರುವ ದಾರಿಯಲ್ಲಿ ಬರೀ ಮರಳೇ ಕಂಡೀತು.

ಹವಳದ ಮೇಲೆಯೇ ಲಂಗರು ಎಸೆಯುವ, ಮೀನು ಸೇರಿಸಲು ಬ್ರೆಡ್ ಚೆಲ್ಲುವ ದೋಣಿಯನ್ನು ನಾನಂತೂ ಒಪ್ಪುವುದಿಲ್ಲ. ಹವಳವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ನೆನಪಿಗೆಂದು ಚೂರು ತರುವುದೂ ಅಪರಾಧ.

ದೋಣಿ ಓಲಾಡುವಾಗ ಬಗ್ಗಿ ಗಾಜನ್ನೇ ದಿಟ್ಟಿಸಿದರೆ ವಾಕರಿಕೆ ಬರುವುದು ಸಹಜ. ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು. ವಾಕರಿಕೆ ಶುರುವಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.