ಒತ್ತೊತ್ತಾದ ಪಿನ್‌ಗಳ ಮೆಮೊರಿ ಚಿಪ್ಪಿಗೆ ಕೈಯಿಂದಲೇ ಬೆಸುಗೆ ಹಾಕುವುದು ಹೇಗೆ?

ಹವ್ಯಾಸಕ್ಕಾಗಿ ಕಂಪ್ಯೂಟರ್ ಕಟ್ಟುವವರಲ್ಲಿ ಬಹಳ ಮಂದಿ ಮೆಮೊರಿ ಚಿಪ್ಪನ್ನು ವೇಗ ಮತ್ತು ಬೆಲೆ ನೋಡಿ ಕೊಳ್ಳುತ್ತಾರೆ. ಅದರ ಪಿನ್‌ಗಳು ಎಷ್ಟು ಒತ್ತಾಗಿವೆ ಎಂಬುದನ್ನು ಬೆಸುಗೆಗೆ ಕುಳಿತ ಮೇಲೆ ಗಮನಿಸುತ್ತಾರೆ. ಬೋರ್ಡಿನ ನಕ್ಷೆ ಮುಗಿಯುವ ಮೊದಲೇ ಈ ಎಲ್ಲವನ್ನೂ ಒಟ್ಟಿಗೆ ತೀರ್ಮಾನಿಸಬೇಕು.

ಝಡ್80 ಅಥವಾ 6502 ಪ್ರೊಸೆಸರಿನ ಬೋರ್ಡಿಗೆ ಸ್ಟ್ಯಾಟಿಕ್ ರ‍್ಯಾಮ್ ಅನ್ನೇ ಆರಿಸಿಕೊಳ್ಳಿ, ವಿದ್ಯುತ್ ಇರುವವರೆಗೂ ಅದು ಮಾಹಿತಿಯನ್ನು ತಾನಾಗಿಯೇ ಹಿಡಿದಿಡುತ್ತದೆ. ಡೈನಮಿಕ್ ರ‍್ಯಾಮ್‌ನಲ್ಲಿರುವ ಮಾಹಿತಿಯನ್ನು ಕೆಲವೇ ಮಿಲಿಸೆಕೆಂಡುಗಳಿಗೊಮ್ಮೆ ರಿಫ್ರೆಶ್ ಮಾಡುತ್ತಿರಬೇಕು (ಅಳಿದುಹೋಗುವ ಮೊದಲೇ ಮತ್ತೆ ತುಂಬಬೇಕು), ವಿಳಾಸವನ್ನೂ ಎರಡು ಕಂತುಗಳಲ್ಲಿ ಕೊಡಬೇಕು. 16 ವಿಳಾಸ ತಂತಿಗಳಿಂದ ಒಮ್ಮೆಗೆ 64 ಕಿಲೋಬೈಟ್ ಮಾತ್ರ ಕಾಣಬಲ್ಲ ಪ್ರೊಸೆಸರಿಗಾಗಿ ಇಷ್ಟು ಶ್ರಮ ಬೇಕಿಲ್ಲ. ಎಎಸ್6ಸಿ4008 ಚಿಪ್ ಒಂದೇ 512 ಕಿಲೋಬೈಟ್ ಕೊಡುತ್ತದೆ, 5 ವೋಲ್ಟಿನಲ್ಲಿ ನಡೆಯುತ್ತದೆ, ಅದರ ವೇಗ, ಅಂದರೆ ಕೇಳಿದ ಮಾಹಿತಿಯನ್ನು ಕೊಡಲು ಹಿಡಿಯುವ ಸಮಯ, 55 ನ್ಯಾನೋಸೆಕೆಂಡ್. ಕ್ಲಾಕಿನ ಎರಡನೆಯ ಅರ್ಧದಲ್ಲಿ ಮಾತ್ರ ಮೆಮೊರಿಯನ್ನು ಚಾಲೂ ಮಾಡುವ 6502 ಬೋರ್ಡಿನಲ್ಲಿ, 1 ಮೆಗಾಹರ್ಟ್ಸ್ ಇದ್ದರೆ 500 ನ್ಯಾನೋಸೆಕೆಂಡ್ ಸಿಗುವುದರಿಂದ ಇದು ಧಾರಾಳವಾಯಿತು. 14 ಮೆಗಾಹರ್ಟ್ಸಿಗೆ ಹೋದರೆ ಸುಮಾರು 36 ಮಾತ್ರ ಉಳಿಯುವುದರಿಂದ ಸಾಲದು. ಆಗ 10 ನ್ಯಾನೋಸೆಕೆಂಡ್ ವರ್ಗದ ಚಿಪ್ ಬೇಕು, ಆದರೆ ಅವುಗಳಲ್ಲಿ ಅನೇಕವು 3.3 ವೋಲ್ಟಿನವು, 5 ವೋಲ್ಟಿನ ಬಸ್ಸಿಗೆ (ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ತಂತಿಗಳಿಗೆ) ಅವನ್ನು ನೇರವಾಗಿ ಜೋಡಿಸಬಾರದು. ಹಳೆಯ ಅಕ್ಷರಗಳನ್ನು ಉಜ್ಜಿ ತೆಗೆದು ಹೆಚ್ಚಿನ ವೇಗದ ಗುರುತು ಅಚ್ಚೊತ್ತಿದ ಚಿಪ್ಪುಗಳೂ ಮಾರಾಟಕ್ಕಿವೆ. ನಂಬಲಾಗದಷ್ಟು ಅಗ್ಗವಾದುದನ್ನು ಕೊಳ್ಳಬೇಡಿ.

ಪಿನ್‌ಗಳ ಅಂತರ ಎಸ್‌ಒಐಸಿ ಎಂಬ ಚಿಪ್ ಕವಚದಲ್ಲಿ 1.27 ಮಿ.ಮೀ. ಇರುತ್ತದೆ, ಮೊದಲ ಬೋರ್ಡಿಗೆ ಇದೇ ಸರಿ. 44 ಪಿನ್‌ಗಳ ಟಿಎಸ್‌ಒಪಿ-2 ಕವಚದಲ್ಲಿ ಅದು 0.8 ಮಿ.ಮೀ., ಟಿಎಸ್‌ಒಪಿ-1ರಲ್ಲಿ 0.5 ಮಿ.ಮೀ. ಪಿನ್‌ಗಳೆಲ್ಲ ಹೊಟ್ಟೆಯಡಿಯಲ್ಲಿರುವ ಬಿಜಿಎ ಚಿಪ್ಪನ್ನು ಸೋಲ್ಡರಿಂಗ್ ಐರನ್ನಿನಿಂದ ಕೂರಿಸಲಾಗದು.

ತವರ 63, ಸೀಸ 37 ಪ್ರಮಾಣದ, 0.5 ಮಿ.ಮೀ. ದಪ್ಪದ ಸೋಲ್ಡರ್ ತಂತಿ ತನ್ನಿ. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗುತ್ತದೆ. ಸೀಸರಹಿತ ಸೋಲ್ಡರಿಗೆ ಸುಮಾರು 217 ಡಿಗ್ರಿ ಬೇಕು. ಕೆಲಸ ಗಾಳಿಯಾಡುವ ಕಡೆ ನಡೆಯಲಿ, ಮುಗಿದ ಮೇಲೆ ಕೈ ತೊಳೆಯಿರಿ. ಐರನ್ನಿನ ಮೊನೆ ಸೂಜಿಯಂತಿದ್ದರೆ ಶಾಖ ಪಿನ್ನಿಗೆ ಸರಿಯಾಗಿ ತಲುಪುವುದಿಲ್ಲ. ಓರೆಯಾಗಿ ಕತ್ತರಿಸಿದ ಅಗಲ ಮೊನೆಯನ್ನು 330 ಡಿಗ್ರಿಯ ಆಸುಪಾಸಿನಲ್ಲಿಡಿ.

ಕೆಲಸ ಕೆಡುವುದು ಚಿಪ್ಪನ್ನು ಕೂರಿಸುವ ಹಂತದಲ್ಲಿ. ಪಿನ್‌ಗಳು ಕೂರುವ ಬೋರ್ಡಿನ ತಾಮ್ರದ ಪ್ಯಾಡುಗಳ ಮೇಲೆ ಜೆಲ್ ಫ್ಲಕ್ಸ್ (ಲೋಹದ ಕಿಲುಬು ತೆಗೆದು ಸೋಲ್ಡರ್ ಹರಿಯುವಂತೆ ಮಾಡುವ ಅಂಟು) ಹಚ್ಚಿ. ಸೋಲ್ಡರ್ ತಂತಿಯೊಳಗಿನ ಫ್ಲಕ್ಸ್ ಸಾಕೆಂಬ ಮಾತನ್ನು ನಂಬಬೇಡಿ, ನಲ್ಲಿ ಕೊಳವೆಗೆ ಬಳಸುವ ಆಮ್ಲದ ಫ್ಲಕ್ಸನ್ನು ಮುಟ್ಟಲೇಬೇಡಿ, ಏಕೆಂದರೆ ಅದು ತಾಮ್ರವನ್ನು ತಿನ್ನುತ್ತದೆ. ಮೊದಲನೆಯ ಪಿನ್ನಿನ ಚುಕ್ಕೆಯನ್ನು ಬೋರ್ಡಿನ ಗುರುತಿನೊಂದಿಗೆ ಹೊಂದಿಸಿ, ಚಿಪ್ಪನ್ನು ಚಿಮಟದಿಂದ ಹಿಡಿದು ಒಂದು ಮೂಲೆಯ ಪಿನ್ನಿಗೆ ಮಾತ್ರ ಬೆಸುಗೆ ಹಾಕಿ. ಈಗ ಭೂತಗನ್ನಡಿಯಲ್ಲಿ ಎರಡೂ ಸಾಲುಗಳ ಎರಡೂ ತುದಿಗಳನ್ನು ನೋಡಬೇಕು. ಹತ್ತಿರದ ಸಾಲು ಸರಿಯಿದ್ದು ಎದುರಿನ ಸಾಲು ಅರ್ಧ ಪಿನ್ ಜಾರಿರುವುದು ತುಂಬ ಸಾಮಾನ್ಯ. ಜಾರಿದ್ದರೆ ಆ ಮೂಲೆಯ ಸೋಲ್ಡರನ್ನು ಮತ್ತೆ ಕರಗಿಸಿ, ಕರಗಿರುವಾಗಲೇ ಚಿಪ್ಪನ್ನು ತಿರುಗಿಸಿ. ತಣ್ಣಗಿರುವಾಗ ದೂಡಿದರೆ ಪ್ಯಾಡ್ ಕಿತ್ತುಬರುತ್ತದೆ. ನಾಲ್ಕೂ ಮೂಲೆಗಳು ಒಪ್ಪಿದ ಮೇಲೆಯೇ ಕರ್ಣದ ಮತ್ತೊಂದು ಮೂಲೆಯನ್ನು ಬಿಗಿ ಮಾಡಿ. ಇದಕ್ಕೆ ಎಷ್ಟು ಹೊತ್ತಾದರೂ ಆಗಲಿ. ಇಡೀ ಸಾಲು ಅಂಟಿದ ಮೇಲೆ ತಿದ್ದಲು ಬಿಸಿಗಾಳಿಯ ಉಪಕರಣವೇ ಬೇಕಾಗುತ್ತದೆ.

ಅನಂತರ ಪಿನ್‌ಗಳ ಮೇಲೆ ಇನ್ನಷ್ಟು ಫ್ಲಕ್ಸ್ ಹಾಕಿ, ಮೊನೆಗೆ ಸ್ವಲ್ಪವೇ ಸೋಲ್ಡರ್ ಹಿಡಿಸಿ, ಪಿನ್ನಿನ ತುದಿಯೂ ಪ್ಯಾಡೂ ಸೇರುವ ಗೆರೆಯುದ್ದಕ್ಕೂ ನಿಧಾನವಾಗಿ ಎಳೆಯಿರಿ. ಕೊನೆಯ ಎರಡು ಮೂರು ಪಿನ್‌ಗಳು ಕೂಡಿಕೊಂಡರೆ ಗಾಬರಿ ಬೇಡ: ಮತ್ತೆ ಫ್ಲಕ್ಸ್ ಹಾಕಿ, ಮೊನೆಯನ್ನು ಒರೆಸಿ, ಹೊರಮುಖವಾಗಿ ಎಳೆದರೆ ಹೆಚ್ಚುವರಿ ಸೋಲ್ಡರ್ ಮೊನೆಗೇ ಬರುತ್ತದೆ. ಸೋಲ್ಡರ್ ಹೀರುವ ತಾಮ್ರದ ಹೆಣಿಗೆಪಟ್ಟಿ, ಅಂದರೆ ವಿಕ್, ಬಳಸಲೇಬೇಕಾದರೆ ವಿಕ್ಕನ್ನೂ ಐರನ್ನನ್ನೂ ಒಟ್ಟಿಗೇ ಎತ್ತಿ.

ಕೂಡಿಕೊಂಡ ಪಿನ್ ಕಣ್ಣಿಗೆ ಬೀಳುತ್ತದೆ. ಪ್ಯಾಡಿನ ಮೇಲೆ ಸುಮ್ಮನೆ ಕುಳಿತು ಬೆಸೆಯದ ಪಿನ್ ಕಣ್ಣಿಗೆ ಬೀಳುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಪ್ರತಿ ಪಿನ್ನನ್ನೂ ಸೂಜಿಯಿಂದ ಪಕ್ಕಕ್ಕೆ ಮೆಲ್ಲನೆ ತಳ್ಳಿ ನೋಡಿ. ಅಲುಗಿದರೆ ಅದು ಹಿಡಿದಿಲ್ಲ. ವಿದ್ಯುತ್ ಕೊಡುವ ಮುನ್ನ ಮಲ್ಟಿಮೀಟರಿನಲ್ಲಿ ಅಕ್ಕಪಕ್ಕದ ಪಿನ್‌ಗಳನ್ನೂ, ಪವರ್ ಮತ್ತು ಗ್ರೌಂಡ್ ನಡುವೆಯೂ ಶಾರ್ಟ್ ಆಗಿದೆಯೇ ಎಂದು ಪರೀಕ್ಷಿಸಿ.

ಕೊನೆಗೆ ಮೆಮೊರಿ ಪರೀಕ್ಷೆ. ಒಂದು ವಿಳಾಸಕ್ಕೆ ಬರೆದು ಆಗಲೇ ಓದುವ ಪ್ರೋಗ್ರಾಂ ವಿಳಾಸ ತಂತಿಯ ದೋಷವನ್ನು ಹಿಡಿಯಲಾರದು. ಪ್ರತಿ ವಿಳಾಸಕ್ಕೂ ಆ ವಿಳಾಸದ್ದೇ ಕೆಳ ಬೈಟನ್ನು (16 ಬಿಟ್‌ಗಳಲ್ಲಿ ಕೊನೆಯ 8) ಬರೆದು, ಎಲ್ಲ ಮುಗಿದ ಮೇಲೆ ಓದಿ. ಬಳಿಕ ಮೇಲಿನ ಬೈಟಿನಿಂದ ಹಾಗೆಯೇ ಮಾಡಿ. 16 ಸ್ಥಾನಗಳ ಅಂತರದ ಜೋಡಿ ವಿಳಾಸಗಳಲ್ಲಿ ಒಂದೇ ಮಾಹಿತಿ ಬರುತ್ತಿದ್ದರೆ ಎ4 ವಿಳಾಸ ತಂತಿಯನ್ನು (ಎಣಿಕೆ ಎ0ಯಿಂದ), 256ರ ಅಂತರವಾದರೆ ಎ8 ತಂತಿಯನ್ನು ಶಂಕಿಸಿ, ಆ ಪಿನ್ನಿಗಷ್ಟೇ ಫ್ಲಕ್ಸ್ ಹಚ್ಚಿ ಮತ್ತೊಮ್ಮೆ ಬಿಸಿ ಮುಟ್ಟಿಸಿ.